ದೋಣಿಯಲ್ಲಿಟ್ಟ ಛತ್ರಿ

೯ ಜೂನ್ ೧೯೪೭, ಸಾಂಗ್ಲಿ

ಇವತ್ತು ಬೆಳಿಗ್ಗೆ ಸಂಸ್ಥಾನದ ಮಂತ್ರಿಯಾದೆ. ರಸ್ತೆ, ಹೊಳೆ ದಾಟುವ ಘಾಟು, ದವಾಖಾನೆ, ಮೂರೂ ನನ್ನ ಪಾಲಿಗೆ. ಅರಿಶಿಣ ಪೇಟೆಯ ಅಡತಿ ಅಂಗಡಿಯವನ ಮಗ, ಜೇಲು ಕಂಡವನು, ಮನೆಯಲ್ಲಿ ಕನ್ನಡ ಆಡುವವನು. ದರಬಾರಿನ ಮಂದಿ ನನಗೆ ಕೈ ಮುಗಿಯುವಾಗ ಅವರ ಮುಖ ನೋಡಬೇಕಿತ್ತು. ಹಾಗಲಕಾಯಿ ಕಚ್ಚಿ ನಗಬೇಕಾದವರ ಮುಖ.

ಸಮಾರಂಭದಲ್ಲಿ ದೊಡ್ಡ ದೊಡ್ಡ ಮಾತಾದವು. ಸುರಾಜ್ಯವಂತೆ, ಲೋಕರಾಜ್ಯವಂತೆ. ನನಗೆ ಅಷ್ಟು ಶಬ್ದ ಬೇಕಿಲ್ಲ. ಒಳ್ಳೆಯ ಸರ್ಕಾರ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಹರಿಪುರದ ಹೊಳೆದಂಡೆಗೆ ಹೋಗಿ ನಿಂತರೆ ಸಾಕು. ಅಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ನೋಡಬೇಕು. ಅಷ್ಟೇ.

ಅಲ್ಲಿ ಹಿಂದಿನ ಮಾಮಲೇದಾರನದೊಂದು ಪದ್ಧತಿಯಿತ್ತು. ಸಾಹೇಬ ಹೊಳೆ ದಾಟುವುದಿದ್ದರೆ ಮೊದಲು ಅವನ ಛತ್ರಿ ಬರುತ್ತಿತ್ತು. ಕಚೇರಿಯ ಜವಾನ, ಪಟ್ಟೇವಾಲಾ, ಅದನ್ನು ತಂದು ದೋಣಿಯ ಮೂತಿಯಲ್ಲಿ ನಿಲ್ಲಿಸುತ್ತಿದ್ದ. ಛತ್ರಿ ಬಂತೆಂದರೆ ಸಾಹೇಬ ಬಂದಂತೆ, ಆಮೇಲೆ ದೋಣಿ ಅಲುಗಬಾರದು. ಸಾಹೇಬ ಉಂಡು, ಎಲೆ ಅಗಿದು, ಒಂದು ನಿದ್ದೆ ತೆಗೆದು ಬರುವತನಕ ಮೊಸರಿನವರು, ಸಂತೆಯವರು, ಜ್ವರದವರು ಎಲ್ಲರೂ ಬಿಸಿಲಲ್ಲಿ ಕೂತು ಒಂದು ಛತ್ರಿಯ ಮುಖ ನೋಡಬೇಕು.

ಆರು ವರ್ಷದ ಹಿಂದೆ ಆಚೆ ದಂಡೆಯ ಹಳ್ಳಿಯ ತವನಪ್ಪನ ಹೆಂಡತಿ ಮಾಣಿಕಬಾಯಿಗೆ ಹೊಲದಲ್ಲಿ ಹಾವು ಕಚ್ಚಿತು. ಮಿರಜದ ದವಾಖಾನೆಗೆ ಒಯ್ಯಬೇಕು. ಗಾಡಿ ಕಟ್ಟಿ ದಂಡೆಗೆ ತಂದರು. ದೋಣಿಯಲ್ಲಿ ಛತ್ರಿ ಇತ್ತು. ಮಾಣಿಕಬಾಯಿ ಮರಳಿನ ಮೇಲೆ, ಗಾಡಿಯ ನೆರಳಲ್ಲಿ ಜೀವ ಬಿಟ್ಟಳು.

ಮುಂದಿನ ಸಲ ಛತ್ರಿ ಬಂದಾಗ ನಾನು, ತವನಪ್ಪ ದೋಣಿ ಹತ್ತಿ ಅದನ್ನೆತ್ತಿ ಕೃಷ್ಣೆಗೆ ಒಗೆದೆವು. ಛತ್ರಿ ಒಗೆದದ್ದಕ್ಕೆ ಇಬ್ಬರಿಗೂ ಜೇಲಾಯಿತು. ಹೆಂಗಸು ಸತ್ತದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ನನ್ನ ರಾಜಕಾರಣವೆಲ್ಲ ಈ ಎರಡು ಮಾತಿನಲ್ಲಿದೆ.

ಕಚೇರಿಗೆ ಹೋದರೆ ಬಾಗಿಲಲ್ಲಿ ಪಟ್ಟೇವಾಲಾ ಅಮೋಘಸಿದ್ಧ. ಅವನೇ, ಅದೇ ಪಟ್ಟಾ, ಅದೇ ಮೀಸೆ.

"ಸಾಹೇಬ್ರ, ನನ್ನ ಗುರ್ತ ಹಿಡದ್ರೇನ್ರಿ? ಆವತ್ತ ಆ ಛತ್ರಿ ತಂದಾಂವ ನಾನ."

"ನೆನಪೈತಿ."

"ಛಲೋ ಛತ್ರಿ ಇತ್ರಿ ಅದು. ಮುಂಬೈ ಮಾಲು. ಹೊಳಿಪಾಲಾತು."

ನಕ್ಕುಬಿಟ್ಟೆ. ನನ್ನ ಬಾಗಿಲು ತೆರೆದೇ ಇರಬೇಕು, ಯಾರೂ ಅದನ್ನು ಕಾಯಬೇಕಾಗಿಲ್ಲ ಎಂದು ಹೇಳಿದೆ. "ಹೂಂರಿ" ಎಂದು ಮತ್ತೆ ಬಾಗಿಲಲ್ಲೇ ಹೋಗಿ ನಿಂತ.

೧೨ ಜೂನ್

ಮೊದಲ ಹುಕುಮು ಹೊರಟಿತು. ಕಾಗದದ ಮೇಲಿದ್ದರೆ ಗೆದ್ದಲು ತಿನ್ನುತ್ತದೆಂದು ಹಲಗೆಯ ಮೇಲೆ ಬರೆಸಿದೆ. ಸಾಗವಾನಿ ಹಲಗೆ, ಆಳುದ್ದದ್ದು. ಕಟ್ಟಿಗೆಯ ಅಡ್ಡೆಗೆ ನಾನೇ ಹೋಗಿ ಆರಿಸಿದೆ. ಪೇಂಟರನು ಮರಾಠಿ ಬರೆದು ಕುಂಚ ತೊಳೆಯತೊಡಗಿದ್ದ, ಕೆಳಗೆ ಕನ್ನಡವೂ ಬೇಕೆಂದೆ. "ಕಾನಡಿ ಕೋಣ ವಾಚತೋ, ಸಾಹೇಬ?" ಎಂದ. ಕನ್ನಡ ಓದುವವರು ಹುಟ್ಟಿಕೊಳ್ಳುತ್ತಾರೆ, ನೀನು ಬರಿ ಎಂದೆ.

ಸಂಜೆ ಹರಿಪುರದ ಘಾಟಿನಲ್ಲಿ ನೆಟ್ಟೆವು. ಜನ ಸೇರಿತು. ತವನಪ್ಪ ಆಚೆ ದಂಡೆಯಿಂದ ಮಗಳು ಛಾಯಾಳನ್ನು ಕರೆದುಕೊಂಡು ಬಂದಿದ್ದ. ಹುಡುಗಿ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಾಳೆ. ಹಿಂದೆ ನಾನು ಆ ಹಳ್ಳಿಯ ಬಸದಿಯ ಕಟ್ಟೆಯ ಮೇಲೆ ಭಾನುವಾರದ ಶಾಲೆ ನಡೆಸುತ್ತಿದ್ದಾಗ ಅಕ್ಷರ ಕಲಿತವಳು. ಅವಳೇ ಎಲ್ಲರಿಗೂ ಕೇಳುವಂತೆ ಓದಿದಳು:

"ಈ ದೋಣಿ ಯಾರಿಗೂ ಕಾಯುವುದಿಲ್ಲ. ಮೊದಲು ಬಂದವರಿಗೆ ಮೊದಲ ಪಾಳಿ. ರೋಗಿಗಳು ಎಲ್ಲರಿಗಿಂತ ಮೊದಲು."

ಅಂಬಿಗ ಲಗಮಣ್ಣ ತಲೆ ತುರಿಸಿಕೊಂಡ. "ಖರೇನ ಯಾರಿಗೂ ಕಾಯಬಾರದೇನ್ರಿ?"

"ಯಾರಿಗೂ."

"ಫೌಜದಾರ ಬಂದ್ರ?"

"ಬಂದ್ರೂ."

"ನೀವ ಬಂದ್ರ?"

"ನಾ ಬಂದ್ರೂ ಬಿಟ್ಟ ಹೋಗು."

"ನನ್ನ ಹೇಣ್ತಿ ಬಂದ್ರ?"

"ಅದು ನಿನ್ನ ಹಣೇಬಾರ ನೋಡಪಾ" ಎಂದೆ. ದಂಡೆಗೆ ದಂಡೆಯೇ ನಕ್ಕಿತು.

ಹೊರಡುವಾಗ ತವನಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. "ಗುರುಸಿದ್ಧಾ, ಇವಳಿಗೆ ಹೊಳಿ ತುಂಬಿದ ಹೊತ್ತಿಗೆ ದಿನಾ ತುಂಬತಾವ. ತಾಯಿಲ್ಲದ ಹುಡುಗಿ. ಮನ್ಯಾಗ ನಮ್ಮಕ್ಕ ಇಂದುಬಾಯಿ ಒಬ್ಬಾಕಿ. ಏನರ ಹೆಚ್ಚುಕಮ್ಮಿ ಆತಂದ್ರ ಮಿರಜಕ್ಕ ಓಡಬೇಕು. ಈ ನಿನ್ನ ಹಲಗಿ ಮ್ಯಾಲ ಭಾರ ಹಾಕೇನಿ ನೋಡು."

"ಹಲಗೆ ಸಾಗವಾನಿ. ಭಾರ ತಡಕೊಂಡೀತು" ಎಂದೆ.

೨೦ ಜೂನ್

ಹರಿಪುರದ ಘಾಟಿಗೆ ಹೋಗುವಷ್ಟರಲ್ಲಿ ದೋಣಿ ನಡುಹೊಳೆಯಲ್ಲಿತ್ತು. ಲಗಮಣ್ಣ ನನ್ನನ್ನು ಕಂಡ, ಕೈ ಬೀಸಿದ, ತಿರುಗಲಿಲ್ಲ. ಮೊಸರಿನವರ ಸಂಗಡ ಜಾಲಿಯ ಗಿಡದ ಕೆಳಗೆ ನಿಂತೆ. ಮಳೆ ಬಂತು, ತೊಯ್ದೆ. ಒಬ್ಬ ಮುದುಕಿ ತನ್ನ ಕಂಬಳಿಯ ಅರ್ಧ ಕೊಟ್ಟಳು. ಮಂತ್ರಿಯೆಂದು ಅವಳಿಗೆ ಗೊತ್ತಿರಲಿಲ್ಲ. ಯಾರ ಮಗನಪಾ, ಎಷ್ಟು ಮಕ್ಕಳು ಎಂದೆಲ್ಲ ಕೇಳಿದಳು.

ಬದುಕಿನಲ್ಲಿ ಇಷ್ಟು ಸುಖವಾಗಿ ಎಂದೂ ಕಾದಿಲ್ಲ.

೨ ಜುಲೈ

ಆವತ್ತು ತೊಯ್ದು ಬಂದ ಜ್ವರ ಈಗ ಇಳಿದಿದೆ. ಹೆಂಡತಿ ಸುನಂದಾಬಾಯಿ ಮಿರಜದ ಪೇಟೆಯಿಂದ ಛತ್ರಿ ತರಿಸಿದ್ದಾಳೆ. ಬೆತ್ತದ ಹಿಡಿಕೆ, ಕರಿ ಬಟ್ಟೆ. ನನಗೆ ಛತ್ರಿಯೇ? ಊರು ನಕ್ಕೀತು ಎಂದೆ.

"ಮಂತ್ರಿ ಆದಾಂವ ತೊಯ್ಯಬೇಕಂತ ಯಾವ ಕಾಯ್ದೇದಾಗ ಬರದಾರ? ಹಿಡೀರಿ ಸುಮ್ನ" ಎಂದಳು.

ಕಚೇರಿಯಲ್ಲಿ ತೆರೆದ ಬಾಗಿಲಿನ ಫಜೀತಿ. ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮಾಲಗಾಂವದಿಂದ ಬಂದವನ ರಸ್ತೆಯ ಗೋಳು ಮುಗಿಯುವುದರೊಳಗೆ ಡಿಗ್ರಜದವನು ತನ್ನ ಬಾವಿಯ ತಂಟೆ ಶುರುಮಾಡುತ್ತಾನೆ. ಅಮೋಘಸಿದ್ಧ ಎಲ್ಲಿಂದಲೋ ಬೆಂಚಿನಂಥ ಉದ್ದ ಬಾಕು ತಂದು ಹೊರಗೆ ಹಾಕಿ ಎಲ್ಲರನ್ನೂ ಕೂಡಿಸಿದ. ಒಬ್ಬೊಬ್ಬರನ್ನೇ ಬಿಟ್ಟ. ಕೆಲಸ ಸರಸರ ಆಯಿತು. ಮನುಷ್ಯ ಬುದ್ಧಿವಂತ, ಹಿಂದಿನವರು ಕೆಡಿಸಿದ್ದರು, ಅಷ್ಟೆ.

ಆಚೆ ದಂಡೆಗೊಂದು ದವಾಖಾನೆ ಕಟ್ಟಲೇಬೇಕು. ಮಾಣಿಕಬಾಯಿಯ ಹಳ್ಳಿಯಲ್ಲೇ. ಹೊಳೆ ದಾಟುವ ಗರಜೇ ಬೀಳಬಾರದು. ದರಬಾರಿನವರು ತಿಜೋರಿ ಖಾಲಿ ಎಂದರು. ಅರಮನೆಯ ಕುದುರೆಗಳನ್ನು ಎಣಿಸಿ ಬಂದು ಮಾತಾಡುತ್ತೇನೆಂದೆ. ಮಧ್ಯಾಹ್ನದೊಳಗೆ ಮಂಜೂರಿ ಬಂತು.

೧೭ ಜುಲೈ

ಇವತ್ತೊಂದು ವಿಚಿತ್ರ ನಡೆಯಿತು. ದವಾಖಾನೆಯ ಜಾಗ ನೋಡಲು ಆಚೆ ದಂಡೆಗೆ ಹೋಗಿ, ಇಳಿಯುವಾಗ ಛತ್ರಿ ದೋಣಿಯಲ್ಲೇ ಮರೆತೆ. ಜಾಗ ಅಳೆಸಿ ತಿರುಗಿ ಬಂದರೆ ದೋಣಿ ಬಿಟ್ಟಲ್ಲೇ ಇದೆ. ತುಂಬ ಜನ, ಆದರೆ ಅಲುಗಿಲ್ಲ. ಲಗಮಣ್ಣ ಹುಟ್ಟು ಬದಿಗಿಟ್ಟು ಕೆಂಗಣ್ಣು ಮಾಡಿ ಕೂತಿದ್ದಾನೆ.

"ಯಾಕೋ ಲಗಮಣ್ಣ, ಹಲಗೆ ಮರತಿ?"

"ನಾ ಎಲ್ಲಿ ಮರತೇನ್ರಿ? ಈ ಮಂದಿ ಬಿಡವೊಲ್ರು. ಹುಟ್ಟಿಗೆ ಕೈ ಹಾಕಿದ್ರ ಕೈ ಹಿಡೀತಾರ. ಸಾಹೇಬ್ರ ಛತ್ರಿ ಐತಿ, ತಡಿಯಲೇ ಅಂತಾರ."

ಯಾರು ಹೇಳಿದರೆಂದು ಕೇಳಿದೆ. ಎಲ್ಲರೂ ಕೈ ಮುಗಿದರು. ಒಬ್ಬ ಮುದುಕ, "ಛತ್ರಿ ಬಿಟ್ಟು ಹೊಂಟ್ರ ಹೆಂಗ್ರಿ ಯಪ್ಪಾ, ನಮಗೂ ಮಕ್ಕಳು ಮರಿ ಅದಾವಲ್ರಿ" ಎಂದ.

ನನ್ನ ಮೈ ಉರಿಯಿತು. ದೋಣಿಯಲ್ಲೇ ನಿಂತು ಭಾಷಣ ಮಾಡಿದೆ. ನಿಮ್ಮ ಬೆನ್ನಿನ ಮೇಲೆ ದರಬಾರು ಕೂತಿಲ್ಲ, ನಿಮ್ಮ ಎದೆಯೊಳಗೆ ಕೂತಿದೆ ಎಂದೆ. ಚಪ್ಪಾಳೆ ಬಿತ್ತು. ಲಗಮಣ್ಣ ಹೊಡೆಯಲಿಲ್ಲ, ಅವನ ಕೈಯಲ್ಲಿ ಹುಟ್ಟಿತ್ತು.

ಅಂದಹಾಗೆ, ದೋಣಿ ಸಿಕ್ಕಿದ್ದರಿಂದ ಕಚೇರಿ ಮುಚ್ಚುವುದರೊಳಗೆ ಬಂದು ನಕ್ಷೆಗೆ ಸಹಿ ಮಾಡಲಾಯಿತು. ಇಲ್ಲದಿದ್ದರೆ ನಾಳೆಯಾಗುತ್ತಿತ್ತು.

೨೯ ಜುಲೈ

ಹೊಳೆ ಏರುತ್ತಿದೆ. ವಾರಣಾ ಹೊಳೆಯ ಕೆಂಪು ನೀರು ಕೃಷ್ಣೆಗೆ ಕೂಡುವಲ್ಲಿ ಸುಳಿಗಳು. ಗಾಡಿದಾರಿ ಮುಳುಗಿದೆ, ಆಚೆ ಹಳ್ಳಿಗಳಿಗೆ ಈಗ ದೋಣಿಯೇ ಗತಿ.

ನಾನು ಘಾಟಿಗೆ ಹೋಗುವುದು, ದೋಣಿ ಆಚೆ ಇರುವುದು, ಓವರ್ಸಿಯರು ಕಂತ್ರಾಟುದಾರರು ನನ್ನೊಂದಿಗೆ ಸುಮ್ಮನೆ ನಿಲ್ಲುವುದು. ಕೂಲಿಯವರು ಅಲ್ಲಿ ಕೈಕಟ್ಟಿ ಕೂತಿರುತ್ತಾರೆ. ಇದನ್ನು ಯಾರ ಹಿತ ಎನ್ನಬೇಕು? ಅಮೋಘಸಿದ್ಧನೇ ಉಪಾಯ ಹೇಳಿದ. ತಾನು ಮುಂಚೆ ಹೋಗಿ ನೀರಿನ ಸೆಳವು ನೋಡಿ ಬರುತ್ತೇನೆಂದ. ಮಳೆಯಿತ್ತು, ಛತ್ರಿ ಒಯ್ಯಿ ಎಂದೆ. ಅಷ್ಟೇ ಹೇಳಿದ್ದು.

ಹೋಗುವಷ್ಟರಲ್ಲಿ ದೋಣಿ ಸಿದ್ಧವಾಗಿತ್ತು. ಲಗಮಣ್ಣ ನೀರಿಗೆ ಉಗುಳಿ ಹುಟ್ಟು ಹಾಕಿದ.

ಮಾಮಲೇದಾರ ನಿದ್ದೆ ಮಾಡಲು ದೋಣಿ ತಡೆಯುತ್ತಿದ್ದ. ದವಾಖಾನೆಗಾಗಿ ಸ್ವಲ್ಪ ತಡೆದರೆ ಅದೂ ಇದೂ ಒಂದಾಗುವುದಿಲ್ಲ.

೧೫ ಆಗಸ್ಟ್

ಎರಡೂ ದಂಡೆಗೆ ಧ್ವಜ ಏರಿಸಿದೆ. ಎಷ್ಟು ಜನ, ಎಂಥ ಕೂಗು! ಜೇಲಿನಲ್ಲಿ ಕನಸಿನಲ್ಲಿ ಕಂಡದ್ದನ್ನು ಕಣ್ಣಿನಲ್ಲಿ ಕಂಡೆ. ಭಾಷಣ ಅರ್ಧಕ್ಕೆ ಬಿಟ್ಟು ಜನರೊಂದಿಗೆ ನಾನೂ ಕೂಗಿದೆ.

ಬೆಳಗಿನ ಹೊತ್ತು ದೋಣಿ ನಮ್ಮ ಸಮಾರಂಭಕ್ಕೇ ಇತ್ತು. ಜನ ದಂಡೆಯ ಮೇಲೆ ಹಾಡುತ್ತ ಕಾದರು. ಇಂಥ ದಿನ ಕಾಯುವುದೂ ಒಂದು ಹಬ್ಬ.

ಲಗಮಣ್ಣ ಮಾತ್ರ, "ಇವತ್ತ ಹಲಗಿಗೆ ಸೂಟಿ ಏನ್ರಿ?" ಎಂದ. ಕೊಂಕು ಆಡುವುದು ಅವನಿಗೆ ರೂಢಿಯಾಗಿದೆ. ಸುತ್ತ ದರಬಾರಿನ ಮಂದಿ ಇದ್ದರು. ಕೇಳಿಸದಂತೆ ಇದ್ದೆ.

ತವನಪ್ಪನೂ ಬಂದಿದ್ದ. ಏನೋ ಹೇಳುವುದಿತ್ತು ಎಂದು ಕಾಣುತ್ತದೆ. ಗದ್ದಲದಲ್ಲಿ ಆಗಲಿಲ್ಲ.

೨೪ ಆಗಸ್ಟ್

ತವನಪ್ಪ ಕಚೇರಿಗೆ ಬಂದಿದ್ದ. ಬೆಳಿಗ್ಗೆಯಿಂದ ಬಾಕಿನ ಮೇಲೆ ಕೂತಿದ್ದನಂತೆ, ನನಗೆ ಗೊತ್ತಾದದ್ದು ಊಟದ ಹೊತ್ತಿಗೆ. ಇಟ್ಟಿಗೆಯ ಕಂತ್ರಾಟುದಾರನಿಗೆ ರೈಲಿನ ವೇಳೆಯಾಗಿತ್ತೆಂದು ಅಮೋಘಸಿದ್ಧ ಅವನನ್ನು ಮೊದಲು ಬಿಟ್ಟಿದ್ದ. ಅದೂ ಸರಿಯೇ.

ಒಳಗೆ ಬಂದವನು ಕುರ್ಚಿಯ ಅಂಚಿಗೆ ಕೂತ. "ಸಾಹೇಬ್ರ" ಎಂದು ಶುರುಮಾಡಿದ.

"ಏನೋ ತವನಪ್ಪಾ, ನಾನೂ ಸಾಹೇಬ ಆದ್ನೇನು?"

"ಹಂಗಲ್ರಿ. ಹೊರಗ ಅಮೋಘಸಿದ್ಧ ಹಂಗ ಅನ್ನಬೇಕು ಅಂದ." ನಗಲಿಲ್ಲ. "ಸೂಲಗಿತ್ತಿ ಹೊಟ್ಟಿ ಮುಟ್ಟಿ ನೋಡ್ಯಾಳ್ರಿ. ಕೂಸು ಅಡ್ಡ ಐತಂತ. ಬ್ಯಾನಿ ಸುರುವಾದ ಕೂಡ್ಲೆ ಮಿರಜಕ್ಕ ಮುಟ್ಟಸಬೇಕು, ತಡ ಮಾಡಿದ್ರ ತಾಯಿ ಮಗು ಎರಡೂ ಉಳಿಯಾಂಗಿಲ್ಲ ಅಂದ್ಳು. ಮತ್ತೇನ ಬ್ಯಾಡ್ರಿ ನನಗ. ಆವತ್ತ ದೋಣಿ ತಡೀಬಾರದು. ಅಷ್ಟ."

ಈಗಲೇ ಮಿರಜದಲ್ಲಿ ಮನೆ ಹಿಡಿದು ಇಡು ಎಂದೆ. ಹೊಲದಲ್ಲಿ ಕಳೆ ಎದೆಮಟ ಬಂದಿದೆ, ಅಲ್ಲಿ ಯಾರಿದ್ದಾರೆ ಎಂದ. ಹಲಗೆ ಅಲ್ಲೇ ಇದೆಯಲ್ಲ, ಏನೂ ಚಿಂತೆ ಬೇಡವೆಂದು ಧೈರ್ಯ ಹೇಳಿ ಕಳಿಸಿದೆ.

ಸಂಜೆ ಮನೆಗೆ ಹೋದಾಗ ಮಕ್ಕಳು ಉಣ್ಣದೆ ಕೂತಿದ್ದರು. ಅವರಿಗೇಕೆ ಬಡಿಸಿಲ್ಲ ಎಂದರೆ ಸುನಂದಾ, "ನೀವ ಹೋದ ವಾರ ಸಿಟ್ಟಿಗೆದ್ರೆಲ್ಲ, ಅಪ್ಪ ಬರೂಕಿಂತ ಮೊದಲ ಎಲಿ ಹಾಕ್ತಾರೇನಂತ" ಎಂದಳು. ನಾನು ಹಾಗೆ ಅಂದದ್ದು ನೆನಪಿಲ್ಲ.

೭ ಸೆಪ್ಟೆಂಬರ್

ಮನಸ್ಸಿಗೆ ಬಹಳ ಕಸಿವಿಸಿಯಾದ ದಿನ. ಆದದ್ದನ್ನು ಆದ ಕ್ರಮದಲ್ಲಿ ಬರೆದಿಡುತ್ತೇನೆ.

ಬೆಳಿಗ್ಗೆ ಹೊಳೆ ದಾಟಿ ದವಾಖಾನೆಯ ಕೆಲಸ ನೋಡಿದೆವು. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಆಮೇಲೆ ಚಾವಡಿಯಲ್ಲಿ ಬೈಠಕ್ಕು: ನಾನು, ಓವರ್ಸಿಯರು, ಕಂತ್ರಾಟುದಾರ, ಊರ ಪಾಟೀಲ. ಹೆಂಚೋ ತಗಡೋ ಎಂಬ ವಾದ ಹತ್ತಿತು. ಪಾಟೀಲರ ಮನೆಯಿಂದ ಅವಲಕ್ಕಿ, ಚಹಾ ಬಂತು. ನಡುವೆ ಒಬ್ಬ ಮುದುಕಿ ಬಾಗಿಲಿಗೆ ಬಂದು ಏನೋ ಹೇಳತೊಡಗಿದಳು. ಕಂತ್ರಾಟುದಾರ ಮುಖ್ಯ ಮಾತಿನಲ್ಲಿದ್ದ. ಅವಳ ಮುಖ ನೋಡದೆ ಸ್ವಲ್ಪ ತಡಿ ಎಂದು ಕೈ ಮಾಡಿದೆ. ಪಾಟೀಲನ ಆಳು ಅವಳನ್ನು ಆಚೆ ನಿಲ್ಲಿಸಿದ. ಮತ್ತೆ ನೋಡಿದಾಗ ಇರಲಿಲ್ಲ. ಕಡೆಗೆ ಹೆಂಚೇ ಎಂದು ನಿಶ್ಚಯವಾಯಿತು.

ದಂಡೆಗೆ ಬಂದರೆ ದೋಣಿ ಇಲ್ಲ.

ದೋಣಿ ಇರಬೇಕಾದಲ್ಲಿ, ಹಸಿ ಮರಳಿನಲ್ಲಿ, ನನ್ನ ಛತ್ರಿಯನ್ನು ಬಿಚ್ಚಿ ನೆಟ್ಟಿದ್ದಾರೆ. ಸುತ್ತ ಮೊಸರಿನವರು, ಹುಲ್ಲಿನವರು. ಅವರು ಛತ್ರಿ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಮೋಘಸಿದ್ಧ ನೆನೆದ ಕೋಳಿಯಂತೆ ನಿಂತಿದ್ದ. "ನಾ ಬ್ಯಾಡ ಬ್ಯಾಡ ಅಂದೇನ್ರಿ ಸಾಹೇಬ್ರ. ತವನಪ್ಪನ ಮಗಳಿಗೆ ಬ್ಯಾನಿ ಸುರುವಾಗಿತ್ರಿ. ಗಾಡ್ಯಾಗ ಹಾಕ್ಕೊಂಡ ಬಂದ. ಛತ್ರಿ ಐತಿ, ಸಾಹೇಬ್ರ ಬರಲಿ, ಕೇಳಿ ಬಿಡೂನು ಅಂದೆ. ಇಂದುಬಾಯಿ ಚಾವಡಿಗೆ ಓಡಿ ಹೋಗಿ ತಿರಿಗಿ ಬಂದ್ಳು. ಹುಡುಗಿ ಒದರಾಕತ್ತಿತ್ತು. ಆಗ ಲಗಮಣ್ಣ ಎದ್ದ."

"ಎದ್ದು?"

"ಛತ್ರಿ ಎರಡೂ ಕೈಲೆ ಎತ್ತಿದ್ರಿ, ದೇವರ ಪಲ್ಲಕ್ಕಿ ಎತ್ತಿದಾಂಗ. ಇಲ್ಲಿ ನೆಟ್ಟ. ಇದು ತೊಯ್ಯಬಾರದು, ಬಿಚ್ಚಿ ಇಡ್ತೇನಿ ಅಂದ. ಲೇ, ನೌಕರಿ ಹೋಗತೈತಿ ಅಂದೆ. ನನಗ ಓದಾಕ ಬರೂದಿಲ್ಲ, ಖರೆ ಹಲಗಿ ಓದಿದ್ದು ಕಿವಿಲೆ ಕೇಳೇನಿ ಅಂದ. ಹುಡುಗಿನ್ನ ಹತ್ತಿಸಿಕೊಂಡ ಹೊಂಟಬಿಟ್ಟ."

ಸೆಳವಿನಲ್ಲಿ ಹೋಗಿ ಬರಲು ಬಹಳ ಹೊತ್ತು. ಮಳೆ ಜೋರಾಯಿತು. ಆ ಮರಳಿನಲ್ಲಿ, ನೆಟ್ಟ ಛತ್ರಿಯ ಕೆಳಗೆ, ಓವರ್ಸಿಯರ ಮತ್ತು ಕಂತ್ರಾಟುದಾರನ ಎದುರು ನಿಂತಿರಬೇಕಾಯಿತು. ಕಂತ್ರಾಟುದಾರ ಬೇರೆ ಕಡೆ ನೋಡಿ ನಗು ನುಂಗಿದ್ದನ್ನು ಕಂಡೆ.

ಹೆರಿಗೆಯ ವಿಷಯ ಯಾರಾದರೂ ನನಗೆ ತಿಳಿಸಿದ್ದರೆ ನಾನೇ ಕಳಿಸಿಕೊಡುತ್ತಿದ್ದೆ. ಯಾರೂ ತಿಳಿಸಲಿಲ್ಲ. ಪ್ರಶ್ನೆ ಆ ಹುಡುಗಿಯದಲ್ಲ, ಶಿಸ್ತಿನದು. ಇವತ್ತು ಒಳ್ಳೆಯ ಕಾರಣಕ್ಕೆ ತನ್ನ ಮನಸ್ಸಿನಂತೆ ನಡೆದವನು ನಾಳೆ ಕೆಟ್ಟ ಕಾರಣಕ್ಕೂ ನಡೆಯುತ್ತಾನೆ. ಹೀಗಾದರೆ ರಾಜ್ಯ ನಡೆಯುವುದು ಹೇಗೆ?

೯ ಸೆಪ್ಟೆಂಬರ್

ಛಾಯಾಳಿಗೆ ಮಿರಜದಲ್ಲಿ ಹೆಣ್ಣು ಮಗು. ಹೊಟ್ಟೆ ಕೊಯ್ದು ತೆಗೆದರಂತೆ, ಇಬ್ಬರೂ ಕ್ಷೇಮ. ಇನ್ನೊಂದಿಷ್ಟು ತಡವಾಗಿದ್ದರೆ ಆಗುತ್ತಿರಲಿಲ್ಲವೆಂದು ಡಾಕ್ಟರರು ಹೇಳಿದರೆಂದು ಸುನಂದಾ ಸುದ್ದಿ ತಂದಳು. ಸಂತೋಷ. ಕೂಸಿನ ತಲೆಗೆ ಕುಲಾಯಿ, ಹೊದಿಸಲು ದುಪಟಿ, ಸಕ್ಕರೆ ಕಳಿಸುವಂತೆ ಹೇಳಿದೆ.

ಹರಿಪುರ ಘಾಟಿನ ಅಂಬಿಗನನ್ನು ಕರ್ತವ್ಯಲೋಪ ಮತ್ತು ಉದ್ಧಟತನದ ಕಾರಣ ಕೆಲಸದಿಂದ ದೂರ ಇಡಲಾಗಿದೆ. ಮಾಫಿ ಕೇಳಿದಲ್ಲಿ ಮರುವಿಚಾರ ಮಾಡಬಹುದೆಂದು ತಿಳಿಸಲಾಗಿದೆ.

೧೩ ಸೆಪ್ಟೆಂಬರ್

ಅಂಬಿಗ ಮಾಫಿ ಕೇಳುವುದಿಲ್ಲವಂತೆ. "ನಾ ಹಲಗಿ ಮಾತ ಕೇಳೇನಿ, ಕೇಳೂದಿದ್ರ ಹಲಗಿ ಕೇಳಲಿ ಮಾಫಿ" ಎಂದು ಘಾಟಿನ ಮೇಲೆ ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದಾನೆ.

ಅವನ ಸಲುವಾಗಿ ತವನಪ್ಪ ಬಂದಿದ್ದ. ಈ ಸಲ ತಡೆಯದೆ ಒಳಗೆ ಬಿಡಲು ನಾನೇ ಹೇಳಿದ್ದೆ. ಕೂಡ್ರು ಎಂದರೆ ಕೂಡ್ರಲಿಲ್ಲ.

"ಲಗಮಣ್ಣನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ. ಸಿಟ್ಟಿದ್ರ ನನಗ ಬೈರಿ."

"ನಿನ್ನ ಮಗಳು ಉಳದಾಳ. ನನಗೂ ಆನಂದ ಆಗೇತಿ. ಆದ್ರ ಸರ್ಕಾರಿ ಮನುಷ್ಯಾ ಹೇಳಿದ ಮಾತ ಮೀರಿದ್ರ—"

"ಯಾರ ಮಾತ ಮೀರಿದ್ರಿ? ಹಲಗಿ ಮ್ಯಾಲಿಂದ ನಿಮ್ದ ಮಾತಲ್ರಿ?"

"ಅಲ್ಲಿ ಬರದದ್ದು ಸಾಮಾನ್ಯ ದಿನದ ಮಾತು ತವನಪ್ಪಾ. ಸರ್ಕಾರಿ ಕೆಲಸ ಇದ್ದಾಗ ಒಂದಿಷ್ಟು ವಿವೇಕ ಬೇಕು."

ಅವನು ಮೂಲೆಯ ಕಡೆ ನೋಡಿದ. ಛತ್ರಿ ಅಲ್ಲಿ ಒರಗಿತ್ತು.

"ಸಾಹೇಬ್ರ, ಒಂದ ಕೇಳ್ತೇನಿ, ಖರೆ ಹೇಳ್ರಿ. ಆವತ್ತ ನಾವಿಬ್ರೂ ಛತ್ರಿ ಒಗದದ್ದು ತಪ್ಪಿತ್ತೇನು?"

"ಆವತ್ತಿಂದು ಬ್ಯಾರೆ. ಅದು ಜುಲುಮಿನ ಛತ್ರಿ. ಇದು ಜನರ ಕೆಲಸಕ್ಕ ಹೋದಾವನ ಛತ್ರಿ."

"ಮರಳಿನ ಮ್ಯಾಲ ಬಿದ್ದಾಕಿಗೆ ಆ ಗುರ್ತ ಹತ್ತೂದಿಲ್ರಿ" ಎಂದ. "ನಮ್ಮ ಮಾಣಿಕಬಾಯಿಗೆ ಹತ್ತಲಿಲ್ಲ. ಛಾಯಾಗೂ ಹತ್ತತಿರಲಿಲ್ಲ."

ನಾನು ಕಳಿಸಿದ ಕುಲಾಯಿ, ದುಪಟಿಯ ಗಂಟನ್ನು ಮೇಜಿನ ಮೇಲಿಟ್ಟು ಹೋದ. ಬಿಚ್ಚಿರಲಿಲ್ಲ.

ಹಳ್ಳಿಯ ಜನಕ್ಕೆ ಆಡಳಿತದ ತೊಡಕು ತಿಳಿಯುವುದಿಲ್ಲ. ತಿಳಿಸಿ ಹೇಳಲು ಸಮಯವೂ ಇಲ್ಲ.

೨೬ ಸೆಪ್ಟೆಂಬರ್

ಹೊಸ ಅಂಬಿಗ ಬಂದಿದ್ದಾನೆ. ನಮ್ರ ಮನುಷ್ಯ, ಕೊಂಕು ಮಾತಿಲ್ಲ. ನಾನು ಹೇಳುವ ಮೊದಲೇ ದೋಣಿ ಹಚ್ಚುತ್ತಾನೆ. ಹೊಳೆ ಇಳಿಯುತ್ತಿದೆ.

೮ ಅಕ್ಟೋಬರ್

ಹೆಂಚು ಏರಿತು. ಬಣ್ಣ ಬಾಕಿ. ಕೆಲಸದ ಈ ವೇಗ ದರಬಾರಿನ ಕಾಲದಲ್ಲಿ ಯಾರೂ ಕಂಡಿರಲಿಲ್ಲ.

೨೬ ಅಕ್ಟೋಬರ್

ಇವತ್ತು ದವಾಖಾನೆ ತೆರೆಯಿತು. ಬರೆಯಲು ಕೂತಾಗ ದಣಿವಾಗಿದೆ, ಆದರೂ ಈ ದಿನ ದಾಖಲಾಗಬೇಕು.

ಅತಿಥಿಗಳು ಬಹಳ. ಬೆಳಿಗ್ಗೆಯೇ ಅಮೋಘಸಿದ್ಧನನ್ನು ಘಾಟಿಗೆ ಕಳಿಸಿ ಮನೆಯಲ್ಲಿ ಊಟ ಮುಗಿಸುತ್ತಿದ್ದೆ. ಸುನಂದಾ ತುಪ್ಪ ಬಡಿಸುತ್ತ ಕೇಳಿದಳು:

"ಬಿಸಿಲ ಭಾಳ ಐತಿ. ನಿಮ್ಮ ಛತ್ರಿ ಎಲ್ಲೈತಿ?"

"ದೋಣ್ಯಾಗ."

"ಛತ್ರಿ ದೋಣ್ಯಾಗ, ನೀವ ಇಲ್ಲಿ ಎಲಿ ಮುಂದ" ಎಂದಳು. ತುಪ್ಪದ ಗಿಂಡಿ ತೆಗೆದುಕೊಂಡು ಒಳಗೆ ಹೋದಳು. ಇತ್ತೀಚೆಗೆ ಅವಳ ಮಾತು ಅರ್ಧಕ್ಕೇ ನಿಲ್ಲುತ್ತದೆ. ಎಲೆ ಅಡಿಕೆ ಹಾಕಿಕೊಂಡು, ಸ್ವಲ್ಪ ಅಡ್ಡಾಗಿ, ಟಾಂಗಾ ಬಂದ ಮೇಲೆ ಹೊರಟೆ.

ಘಾಟಿನಲ್ಲಿ ದೊಡ್ಡ ಗುಂಪು. ಇಷ್ಟು ಜನ 'ಸ್ವಾಗತಕ್ಕೆ' ಬಂದದ್ದು ಕಂಡು ಅತಿಥಿಗಳಿಗೆ ಆಶ್ಚರ್ಯವಾಯಿತು. ಗುಂಪಿನಲ್ಲಿ ಇಂದುಬಾಯಿ, ಪಕ್ಕದಲ್ಲಿ ಛಾಯಾ, ಅವಳ ಸೆರಗಿನಡಿ ಕೂಸು. ಮಿರಜದ ಡಾಕ್ಟರರಿಗೆ ಕೂಸನ್ನು ತೋರಿಸಿ ಹಳ್ಳಿಗೆ ಹೊರಟವರು. ಕೂಸು ಬಿಸಿಲಿಗೆ ಅಳುತ್ತಿತ್ತು. ಚೆನ್ನಾಗಿದ್ದೀಯಾ ಎಂದು ಕೈ ಮಾಡಿ ಕೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ, ನನ್ನ ಕಾಲ ಕಡೆ ನೋಡುತ್ತಿದ್ದಳು. ತುಟಿ ಮೆಲ್ಲಗೆ ಅಲುಗುತ್ತಿದ್ದವು, ಏನನ್ನೋ ಓದುವವಳಂತೆ. ದೋಣಿ ಅತಿಥಿಗಳಿಂದ ತುಂಬಿತ್ತು. ಅವರೆಲ್ಲ ಮುಂದಿನ ಪಾಳಿಗೆ ಬರಲೆಂದು ಹೇಳಿಸಿದೆ.

ಹೊಳೆ ಹಿಂದೆ ಸರಿದು ದಂಡೆಯಲ್ಲಿ ಮೊಣಕಾಲುದ್ದ ಕೆಸರು ಬಿಟ್ಟಿದೆ. ಅತಿಥಿಗಳ ಬೂಟು ಕೆಡಬಾರದೆಂದು ಹೊಸ ಅಂಬಿಗ ಘಾಟಿನ ಆ ಹಲಗೆಯನ್ನು ಕಿತ್ತು, ದಂಡೆಯಿಂದ ದೋಣಿಗೆ ಅಡ್ಡ ಹಾಸಿದ್ದ. ಒಳ್ಳೆಯ ಉಪಾಯ. ಸಾಗವಾನಿ, ಅಷ್ಟು ಜನ ದಾಟಿದರೂ ಬಾಗಲಿಲ್ಲ. ಬರೆದ ಬದಿ ಮೇಲೆ ಮಾಡಿ ಹಾಕಿದ್ದ, ಅದೊಂದು ತಪ್ಪು. ಎಣ್ಣೆಬಣ್ಣದ ಮೇಲೆ ಹಸಿ ಕಾಲು ಜಾರುತ್ತದೆ.

ಬೋರಲು ಹಾಕು ಎಂದು ಹೇಳಿದೆ.